ಬಹುಸಾಲಿನ ಪಠ್ಯದ ಎಲ್ಲೆ: ಮೈಲಾರದ ಕಾರಣಿಕ ಮತ್ತು ಪ್ರೋಗ್ರಾಮ್ ಭಾಷೆ

ಕಂಪ್ಯೂಟರ್ ಪ್ರೋಗ್ರಾಮಿನೊಳಗೆ ಇದ್ದಂತೆಯೇ ಇರಿಸುವ ಪಠ್ಯಕ್ಕೆ ‘ಸ್ಟ್ರಿಂಗ್’ ಎಂದು ಹೆಸರು. ಒಂದು ಸಾಲಿನ ಪಠ್ಯಕ್ಕೆ ಎರಡು ಉದ್ಧರಣ ಚಿಹ್ನೆಗಳು ಸಾಕು. ಪಠ್ಯವು ಹಲವು ಸಾಲುಗಳದ್ದಾದಾಗ ಮೂರು ಪ್ರಶ್ನೆಗಳು ಏಳುತ್ತವೆ: ಅದು ಎಲ್ಲಿ ಮುಗಿಯುತ್ತದೆ? ಸಾಲಿನ ಮುರಿತವು ಪಠ್ಯದ್ದೋ, ಬರೆದವನದ್ದೋ? ಸಾಲಿನ ಮೊದಲ ತೆರಪು ಯಾರದು? ಇವು ಗ್ರಂಥಸಂಪಾದನೆಯ ಪ್ರಶ್ನೆಗಳೂ ಹೌದು. ಆದ್ದರಿಂದ ಕನ್ನಡ ಪಠ್ಯಗಳನ್ನು ಗಣಕಕ್ಕೆ ಅಳವಡಿಸುವ ಸಂಶೋಧಕರು ಇವನ್ನು ತಂತ್ರಜ್ಞರಿಗೆ ಮಾತ್ರ ಬಿಟ್ಟುಕೊಡಲಾಗದು.

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಸಂದರ್ಭದಲ್ಲಿ ಡೆಂಗನಮರಡಿಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ, ಜನಸ್ತೋಮ ಮೌನವಾಗುತ್ತದೆ, ಬಳಿಕ ಕಾರಣಿಕದ ನುಡಿ ಹೊರಡುತ್ತದೆ. ‘ಸದ್ದಲೇ’ ಎಂಬುದು ಆರಂಭದ ಗುರುತು, ಭವಿಷ್ಯದ ನುಡಿಗೆ ಸೇರಿದ್ದಲ್ಲ. ಕೊನೆಯ ‘ಪರಾಕ್’ ಆದರೋ ಮುಕ್ತಾಯವನ್ನು ಸೂಚಿಸುತ್ತಲೇ ನುಡಿಯ ಭಾಗವಾಗಿಯೂ ಉಳಿಯುತ್ತದೆ. ಎಲ್ಲೆಯ ಗುರುತು ಪಠ್ಯದ ಹೊರಗೂ ಇರಬಹುದು, ಒಳಗೂ ಇರಬಹುದು ಎಂಬುದು ಇದರಿಂದ ಸ್ಪಷ್ಟ.

ವಚನದ ಅಂಕಿತವು ಒಳಗಿನ ಗುರುತು. ಆದರೆ ಅಂಕಿತ ಕಂಡಲ್ಲೆಲ್ಲ ವಚನ ಮುಗಿಯಿತೆಂದು ಯಂತ್ರಕ್ಕೆ ಹೇಳಿಕೊಟ್ಟರೆ ಅನರ್ಥವಾಗುತ್ತದೆ. ಬಸವಣ್ಣನವರ ಕೆಲವು ವಚನಗಳಲ್ಲಿ ಅಂಕಿತದ ನಂತರವೂ ಮಾತು ಮುಂದುವರಿಯುತ್ತದೆ. ಯುನಿಕ್ಸ್ ಶೆಲ್ಲಿನಲ್ಲಿಯೂ ಇದೇ ತೊಡಕಿದೆ. ಅಲ್ಲಿ ಮುಕ್ತಾಯದ ಪದವನ್ನು ಬರೆಯುವವನೇ ಆರಿಸಿಕೊಳ್ಳುತ್ತಾನೆ. ಆ ಪದವೊಂದೇ ಇರುವ ಸಾಲು ಪಠ್ಯದ ನಡುವೆ ಬಂದರೆ ಪಠ್ಯ ಅಲ್ಲಿಗೇ ನಿಲ್ಲುತ್ತದೆ. ಪೈಥಾನ್ ಭಾಷೆ ಮೂರು ಉದ್ಧರಣ ಚಿಹ್ನೆಗಳನ್ನು ಒಟ್ಟಿಗೆ ಬಳಸುವುದು ಇಂತಹ ಘರ್ಷಣೆ ವಿರಳವಾಗಲೆಂದು.

ಸಾಲಿನ ಮುರಿತದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ತಾಳೆಗರಿಯಲ್ಲಿ ಸಾಲು ಮುರಿಯುವುದು ಗರಿಯ ಅಂಚಿನಿಂದ, ಛಂದಸ್ಸಿನಿಂದಲ್ಲ. ಹಾಗಿದ್ದೂ ಷಟ್ಪದಿಯ ಆರು ಪಾದಗಳನ್ನು ಆದಿಪ್ರಾಸ ಮತ್ತು ಮಾತ್ರಾಗಣಗಳ ನೆರವಿನಿಂದ ಮರಳಿ ಬಿಡಿಸಬಹುದು. ಅಲ್ಲಿ ಸಾಲು ಪಠ್ಯದೊಳಗೇ ಅಡಗಿದೆ. ಗೊರವರ ಹಾಡಿಗೆ ಈ ಭದ್ರತೆಯಿಲ್ಲ. ಹಾಡುಗಾರನು ಉಸಿರು ನಿಲ್ಲಿಸಿದ ತಾಣವನ್ನು ಸಂಗ್ರಾಹಕನು ಸಾಲಾಗಿ ಗುರುತಿಸಿದ್ದರೆ, ಆ ಮುರಿತವೇ ದಾಖಲೆ. ಅದನ್ನು ತೆರಪಾಗಿ ಪರಿವರ್ತಿಸುವ ವಿಧಾನದಿಂದ ಆದ ನಷ್ಟವನ್ನು ತುಂಬಿಕೊಳ್ಳುವುದು ಕಷ್ಟ.

ಇನ್ನು ಸಾಲಿನ ಮೊದಲ ತೆರಪು. ಪ್ರೋಗ್ರಾಮಿನ ಓರಣಕ್ಕಾಗಿ ಪಠ್ಯವನ್ನು ಒಳಸರಿಸಿದರೆ ಪೈಥಾನ್‌ನ ಸಾಮಾನ್ಯ ಸ್ಟ್ರಿಂಗಿನಲ್ಲಿ ಆ ತೆರಪೂ ಪಠ್ಯವಾಗಿಬಿಡುತ್ತದೆ. 2020ರಲ್ಲಿ ಹೊರಬಂದ ಜಾವಾ 15ರ ಪಠ್ಯಖಂಡವು ಎಲ್ಲ ಸಾಲುಗಳಿಗೂ ಸಮಾನವಾದ ತೆರಪನ್ನು ಮಾತ್ರ ಕಳೆದು, ಹೆಚ್ಚುವರಿಯನ್ನು ಉಳಿಸುತ್ತದೆ. ಷಟ್ಪದಿಯ ಮೂರನೆಯ ಮತ್ತು ಆರನೆಯ ಪಾದಗಳನ್ನು ಒಳಸರಿಸಿ ಬರೆದಿದ್ದರೆ ಆ ವಿನ್ಯಾಸ ಕೆಡದು.

ಒಟ್ಟಿನಲ್ಲಿ, ಎಲ್ಲೆಯ ಗುರುತು ಪಠ್ಯದೊಡನೆ ಬೆರೆಯಬಾರದು; ಮುರಿತವು ಇದ್ದಂತೆ ಉಳಿಯಬೇಕು; ಲಿಪಿಕಾರನ ತೆರಪು ಕವಿಯ ತೆರಪಾಗಬಾರದು. ಬಹುಸಾಲಿನ ಪಠ್ಯಕ್ಕೆ ವಾಕ್ಯರಚನೆಯ ನಿಯಮ ರೂಪಿಸುವವನು ಈ ಅರ್ಥದಲ್ಲಿ ಗ್ರಂಥಸಂಪಾದಕನೇ ಆಗಿದ್ದಾನೆ.