ಹಳೆ ಜಿಪ್ಸಿಯ ಬಾಲಂಗೋಚಿ ಖರ್ಚು

ಕಂಪನಿಯೇ ಕೈಬಿಟ್ಟ ಗಾಡಿಯ ಬೆಲೆ ಸಾಮಾನ್ಯವಾಗಿ ಬಿದ್ದುಹೋಗಬೇಕು. ಮಾರುತಿ ಜಿಪ್ಸಿಯ ಕಥೆ ಹಾಗಾಗಲಿಲ್ಲ. 2019ರ ಹೊತ್ತಿಗೆ ಅದರ ತಯಾರಿಕೆ ನಿಂತಿತು, ಹಳೆಯವಕ್ಕೆ ಬೇಡಿಕೆ ಏರಿತು. ನಮ್ಮ ಹಾಸನ, ಸಕಲೇಶಪುರ, ಮೂಡಿಗೆರೆ ಕಡೆ ಒಳ್ಳೆಯ ಗಾಡಿಯೊಂದು ಮಾರಾಟಕ್ಕಿದೆ ಅನ್ನುವ ಸುದ್ದಿ ನಮ್ಮ ಕಿವಿಗೆ ಬೀಳುವಷ್ಟರಲ್ಲಿ ಯಾರೋ ಅಡ್ವಾನ್ಸ್ ಕೊಟ್ಟಾಗಿರುತ್ತದೆ. ನನ್ನದು 2008ರ ಮಾಡೆಲ್, 1,300 ಸಿಸಿ ಪೆಟ್ರೋಲ್ ಎಂಜಿನ್, ಮೇಲೆ ಕ್ಯಾನ್ವಾಸ್. ಕೊಂಡಿದ್ದು ಎರಡೂವರೆ ಲಕ್ಷಕ್ಕೆ. ನೋಡಿದವರೆಲ್ಲ ಕೇಳುವುದು ಒಂದೇ: "ಏನೇನು ಹಾಕಿಸಿದ್ದೀರಿ?" ಉತ್ತರ ಕೇಳಿ ಅವರ ಮುಖ ಸಣ್ಣದಾಗುತ್ತದೆ. ಹೊರಗೆ ಕಾಣುವಂಥದ್ದು ಹೆಚ್ಚೇನೂ ಇಲ್ಲ.

ಇಂಥ ಗಾಡಿಗೆ ಹಾಕಿಸುವ ಪ್ರತಿ ವಸ್ತುವಿಗೂ ಅಂಗಡಿಯಲ್ಲಿ ಒಂದು ಬೆಲೆ ಇರುತ್ತದೆ. ಅದರ ಹಿಂದೆ ಬಾಲಂಗೋಚಿಯ ಹಾಗೆ ಇನ್ನೊಂದು ಖರ್ಚು ತೂಗಾಡುತ್ತಿರುತ್ತದೆ. ಬಜೆಟ್ ಹಾಳಾಗುವುದು ಈ ಎರಡನೆಯದರಿಂದ. ಲಿಫ್ಟ್ ಕಿಟ್ ತೆಗೆದುಕೊಳ್ಳಿ. ಗಾಡಿಯನ್ನು ಎರಡು ಇಂಚು ಎತ್ತರಿಸುವ ಸ್ಪ್ರಿಂಗ್, ಶಾಕಬ್ಸರ್‌ಗಳ ಸೆಟ್ಟಿಗೆ ನನಗೆ ಹೇಳಿದ ದರ 45,000 ರೂಪಾಯಿ. ಎತ್ತರಿಸಿದ ಕೂಡಲೇ ಪ್ರೊಪೆಲ್ಲರ್ ಶಾಫ್ಟಿನ ಓರೆ ಹೆಚ್ಚುತ್ತದೆ, ಅದರ ಕ್ರಾಸ್‌ಗಳು ಬೇಗ ಸವೆಯುತ್ತವೆ. ಬ್ರೇಕ್ ಹೋಸ್ ಬಿಗಿಯಾಗುವುದರಿಂದ ಉದ್ದನೆಯದು ಹಾಕಿಸಬೇಕು. ಸ್ಟಿಯರಿಂಗ್ ರಾಡ್‌ಗಳ ಕೋನ ಬದಲಾಗಿ, ನೇರ ರಸ್ತೆಯಲ್ಲೂ ಗಾಡಿ ಮೊದಲಿನಂತೆ ನೆಟ್ಟಗೆ ಹೋಗುವುದಿಲ್ಲ. ಇಳಿಜಾರಿನಲ್ಲಿ ಅಡ್ಡ ವಾಲಿದಾಗ ಎದೆ ಢವಗುಟ್ಟುವುದು ಬೇರೆ. ಅದಕ್ಕೆ ಬಿಲ್ ಬರುವುದಿಲ್ಲ. 45,000ದ ಕಿಟ್ಟು ವರ್ಷ ತುಂಬುವುದರೊಳಗೆ 70,000 ತಿನ್ನಬಹುದು. ಮಾರುವಾಗ ಅದರಲ್ಲಿ ಹತ್ತು ಪೈಸೆಯೂ ವಾಪಸ್ ಬರುವುದಿಲ್ಲ. ಕೊಳ್ಳುವವನು ಕೇಳುವುದು "ಒರಿಜಿನಲ್ ಇದೆಯಾ" ಅಂತ.

ಕೊಳ್ಳುವ ಬೆಲೆಗೂ ಇದೇ ಲೆಕ್ಕ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿಯ ಸ್ಕಾರ್ಪಿಯೊ, ಸಫಾರಿಗಳು ಅಗ್ಗಕ್ಕೆ ಸಿಗುತ್ತವೆ ಎಂದು ತರಿಸಿದವರಿದ್ದಾರೆ. ಎನ್‌ಒಸಿ, ಲಾರಿ ಸಾಗಾಟ, ಗಾಡಿಯ ವಯಸ್ಸಿಗೆ ತಕ್ಕಂತೆ ಇಲ್ಲಿ ಕಟ್ಟಬೇಕಾದ ಲೈಫ್‌ಟೈಮ್ ಟ್ಯಾಕ್ಸು, ಏಜೆಂಟನ ಓಡಾಟ ಎಲ್ಲ ಕೂಡಿಸಿದರೆ ಅಗ್ಗ ಅನ್ನುವ ಮಾತು ದಾರಿಯಲ್ಲೇ ಉದುರಿಹೋಗಿರುತ್ತದೆ. ಪಕ್ಕದ ಊರಿನಲ್ಲಿ, ಯಾರ ಕೈಯಲ್ಲಿ ಓಡಿತ್ತು ಎಂದು ಗೊತ್ತಿರುವ ಗಾಡಿಗೆ ಮೂವತ್ತು ಸಾವಿರ ಜಾಸ್ತಿ ಕೊಟ್ಟರೂ ಲಾಭವೇ.

ಎರಡೂವರೆ ಲಕ್ಷದ ಗಾಡಿ ತಂದು ಮೊದಲ ವರ್ಷ ನಾನು ಕೆಳಗೆ ಸುರಿದದ್ದು ಸುಮಾರು 60,000. ಸ್ಪ್ರಿಂಗ್ ಬುಶ್‌ಗಳು, ನಾಲ್ಕೂ ಹಬ್‌ಗಳ ಬೇರಿಂಗು, ಕಿಂಗ್‌ಪಿನ್ ಬೇರಿಂಗು, ಆಯಿಲ್ ಸೀಲು, ಬ್ರೇಕ್ ಹೋಸು, ಹಿಂದಿನ ಬ್ರೇಕ್ ಸಿಲಿಂಡರು, ಕೂಲೆಂಟ್ ಪೈಪುಗಳು, ಬೆಲ್ಟು. ಫೋಟೊ ತೆಗೆದು ಹಾಕಲು ಇದರಲ್ಲಿ ಒಂದೂ ಬರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಗೆ ಒಂದು ದಿನ ಹೋಗಿ ಪಟ್ಟಿ ಹಿಡಿದು ನಾಲ್ಕು ಅಂಗಡಿ ಸುತ್ತಿದರೆ ಬಿಡಿಭಾಗದಲ್ಲಿ ಬಸ್ ಚಾರ್ಜು ಕಳೆದೂ ಒಂದಿಷ್ಟು ಉಳಿಯುತ್ತದೆ. ಬೇರಿಂಗು, ಸೀಲುಗಳಲ್ಲಿ ಮಾತ್ರ ಚೌಕಾಸಿ ಬೇಡ. ಶಿವಾಜಿನಗರದ ಗುಜರಿಯಲ್ಲಿ ಬಾಗಿಲು, ಸೀಟಿನ ಫ್ರೇಮು, ಬಾನೆಟ್ ತರಬಹುದು. ಬ್ರೇಕಿನ ಸಾಮಾನು ತರಬಾರದು.

ಮುಂದಿನ ಚಕ್ರದ ಪರೀಕ್ಷೆ ಯಾರು ಬೇಕಾದರೂ ಮನೆ ಮುಂದೆಯೇ ಮಾಡಬಹುದು. ಜಾಕಿ ಕೊಟ್ಟು ಚಕ್ರ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಬೇಕು. ಟಕ್ ಟಕ್ ಎಂದರೆ ಎಲ್ಲೋ ಸವೆದಿದೆ. ಈಗ ಇನ್ನೊಬ್ಬರನ್ನು ಕೂರಿಸಿ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಟ ನಿಂತರೆ ಹಬ್ ಬೇರಿಂಗು, ನಿಲ್ಲದಿದ್ದರೆ ಹೆಚ್ಚಾಗಿ ಕಿಂಗ್‌ಪಿನ್. ಇದು ಸವೆದ ಗಾಡಿ ಅರವತ್ತರ ವೇಗದಲ್ಲಿ ಸಣ್ಣ ಗುಂಡಿಗೆ ಬಿದ್ದರೂ ಸ್ಟಿಯರಿಂಗ್ ಗಡಗಡ ನಡುಗುತ್ತದೆ. ಆಗ ಬಹಳ ಜನ ಸ್ಟಿಯರಿಂಗ್ ಡ್ಯಾಂಪರ್ ಹಾಕಿಸುತ್ತಾರೆ. ನಡುಕ ನಿಲ್ಲುತ್ತದೆ, ಸವೆತ ನಿಲ್ಲುವುದಿಲ್ಲ. ನಮ್ಮ ಗ್ಯಾರೇಜ್ ಮೇಸ್ತ್ರಿ ಇಂಥ ಗಿರಾಕಿಗಳನ್ನು ಬಹಳ ಪ್ರೀತಿಯಿಂದ ಕಾಣುತ್ತಾರೆ. "ಅವ್ರು ಎರಡು ಸಲ ಬರ್ತಾರೆ ಸಾರ್" ಅನ್ನುತ್ತಾರೆ.

ಅವರೇ ಹೇಳಿಕೊಟ್ಟ ಇನ್ನೊಂದು ಕೆಲಸಕ್ಕೆ ತಗಲಿದ್ದು 400 ರೂಪಾಯಿಗೂ ಕಡಿಮೆ. ಚಕ್ರಗಳ ನಡುವಿನ ಆಕ್ಸಲ್ ಹೌಸಿಂಗಿನ ಮೇಲೆ ಗಾಳಿಯಾಡಲು ಬೆರಳ ತುದಿಯಷ್ಟು ಚಿಕ್ಕ ಬ್ರೀದರ್ ಇರುತ್ತದೆ. ಕಾದ ಹೌಸಿಂಗು ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಆ ಬ್ರೀದರ್‌ನಿಂದಲೋ ಹಳೆಯ ಸೀಲಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಮೇಸ್ತ್ರಿ ಹಿಂದಿನ ಹೌಸಿಂಗಿನ ಡ್ರೈನ್ ಬೋಲ್ಟು ಸಡಿಲಿಸಿದರು. ಮೊದಲು ಒಂದು ಲೋಟದಷ್ಟು ಬರೀ ನೀರು ಬಂತು, ಆಮೇಲೆ ಬೂದು ಬಿಳುಪಿನ ನೊರೆ ನೊರೆ ಆಯಿಲ್. ಅದರೊಳಗೆ ಬೆರಳಿಟ್ಟು ಉಜ್ಜಿ, ಬೆಳಕಿಗೆ ಹಿಡಿದು ಮಿನುಗುವ ಕಬ್ಬಿಣದ ಪುಡಿ ಇದೆಯೇ ನೋಡಿದರು. ಇರಲಿಲ್ಲ. ಅಂದರೆ ಕ್ರೌನ್ ಪಿನಿಯನ್ ಬಚಾವ್. ಬ್ರೀದರ್ ಬಿಚ್ಚಿ, ಅಲ್ಲಿಗೆ ಪೆಟ್ರೋಲ್ ಹೋಸ್ ಸಿಕ್ಕಿಸಿ, ಛಾಸಿಯ ಮಗ್ಗುಲಲ್ಲಿ ಮೇಲಕ್ಕೆ ಎಳೆದು, ಎಂಜಿನ್ ಬದಿಯಲ್ಲಿ ಎತ್ತರದಲ್ಲಿ ಕಟ್ಟಿದರು. ಕ್ರೌನ್ ಪಿನಿಯನ್ ಹೋಗಿದ್ದರೆ ಸಾಮಾನು, ಮಜೂರಿ ಸೇರಿ ಐದಂಕಿ ಬಿಲ್ಲು. ಆಫ್‌ರೋಡಿಗೆ ಹಾಕಿಸುವ ವಸ್ತುಗಳಲ್ಲಿ ಇಷ್ಟು ಆದಾಯ ತರುವ ಹೂಡಿಕೆ ಇನ್ನೊಂದನ್ನು ನಾನು ಕಂಡಿಲ್ಲ. ಮ್ಯೂಚುವಲ್ ಫಂಡ್‌ಗಳಲ್ಲೂ ಕಂಡಿಲ್ಲ.

ಟೈರಿನ ವಿಷಯಕ್ಕೆ ಬಂದರೆ ಮಾತು ಬಿಸಿಯಾಗುತ್ತದೆ. ಜಿಪ್ಸಿಗೆ ಕಂಪನಿ ಕೊಟ್ಟದ್ದು 205/70 ಆರ್15. ಹೆಚ್ಚಿನವರು ಹಾಕಿಸುವುದು ಬೊಲೆರೊ ಅಳತೆಯ 215/75 ಆರ್15. ಲೆಕ್ಕ ಹಾಕಿದರೆ ಚಕ್ರದ ವ್ಯಾಸ 668 ಮಿಲಿಮೀಟರಿನಿಂದ ಸುಮಾರು 703ಕ್ಕೆ ಏರುತ್ತದೆ, ಹೌಸಿಂಗು ನೆಲದಿಂದ 18 ಮಿಲಿಮೀಟರಿನಷ್ಟು ಮೇಲೇಳುತ್ತದೆ. ಪ್ರತಿಯಾಗಿ ಗೇರು ಶೇ 5ರಷ್ಟು ಭಾರವಾಗುತ್ತದೆ. ಸ್ಪೀಡೋಮೀಟರ್ ನೂರು ತೋರಿಸುವಾಗ ಚಕ್ರ ನೂರೈದರ ಲೆಕ್ಕದಲ್ಲಿ ಉರುಳುತ್ತಿರುತ್ತದೆ. ಕಿಲೋಮೀಟರು ಕಡಿಮೆ ದಾಖಲಾಗುವುದರಿಂದ ಮೈಲೇಜು ಬಿದ್ದುಹೋಯಿತೆಂದು ಟ್ಯೂನಿಂಗಿಗೆ ದುಡ್ಡು ಸುರಿದವರನ್ನೂ ಬಲ್ಲೆ. ನಾನು ಕಂಪನಿ ಅಳತೆಯಲ್ಲೇ ಬಟನ್ ಜಾಸ್ತಿ ಇರುವ ಟೈರು ಹುಡುಕಿಸಿ ಹಾಕಿಸಿದೆ. ಐದಕ್ಕೆ ಸುಮಾರು 35,000. ಕೊಳ್ಳುವಾಗ ಟೈರಿನ ಪಕ್ಕದ ನಾಲ್ಕಂಕಿ ನೋಡಿ: 2318 ಎಂದಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಡಿಸ್ಕೌಂಟಿನ ಗುಟ್ಟು ಬಹಳ ಸಲ ಅಲ್ಲೇ ಅಚ್ಚಾಗಿರುತ್ತದೆ.

ನಮ್ಮ ಮಲೆನಾಡಿನ ತೋಟದ ಜೀಪುಗಳಿಗೆ ಇಷ್ಟೂ ಇಲ್ಲ. ಮಳೆಗಾಲದಲ್ಲಿ ಹಿಂದಿನ ಚಕ್ರಕ್ಕೆ ಚೈನು ಸುತ್ತಿಕೊಂಡು ಕಾಫಿ ಮೂಟೆ, ಗೊಬ್ಬರ, ಆಳುಗಳನ್ನು ಹೊತ್ತು ಹತ್ತುತ್ತವೆ. ತೋಟದ ಡ್ರೈವರೊಬ್ಬರು ನನ್ನ ಗೆಳೆಯನ ಅಗಲ ಟೈರು ನೋಡಿ "ದಪ್ಪ ಆದಷ್ಟೂ ಕೆಸ್ರು ದಪ್ಪ ಮೆತ್ಕೊಳ್ತದೆ, ಅಷ್ಟೇ ಸಾರ್" ಅಂದರು. ಸಣ್ಣ ಟೈರು ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ ಅನ್ನುವುದು ಅವರ ಅನುಭವ, ನಮ್ಮ ಕಡೆಯ ಜಂಬಿಟ್ಟಿಗೆ ಮಣ್ಣಿಗೆ ಅದು ಸರಿಹೋಗುತ್ತದೆ. ಕೊಲ್ಲೂರಿನಿಂದ ಕೊಡಚಾದ್ರಿಗೆ ಜನ ತುಂಬಿಕೊಂಡು ಹತ್ತುವ ಜೀಪುಗಳನ್ನು ಒಮ್ಮೆ ಬಗ್ಗಿ ನೋಡಿ ಬನ್ನಿ. ಅಲ್ಲಿ ದುಡಿಯುವುದು ಡ್ರೈವರನ ಎಡಗಾಲು ಮತ್ತು ಫಸ್ಟ್ ಗೇರು.

ಗಾಳಿ ಇಳಿಸುವುದಕ್ಕಂತೂ ಖರ್ಚೇ ಇಲ್ಲ. ಟಾರಿನ ಮೇಲೆ 26 ಪಿಎಸ್‌ಐ ಇರುವ ಟೈರನ್ನು ಕೆಸರಿಗೆ ಇಳಿಯುವ ಮೊದಲು 18ಕ್ಕೆ ತಂದರೆ ನೆಲಕ್ಕೆ ತಾಗುವ ಭಾಗ ಉದ್ದವಾಗುತ್ತದೆ, ಹಿಡಿತ ಬರುತ್ತದೆ. ವಾಪಸ್ ಟಾರಿಗೆ ಬಂದೊಡನೆ ತುಂಬಿಸಲೇಬೇಕು, ಇಲ್ಲದಿದ್ದರೆ ಟೈರಿನ ಮಗ್ಗುಲು ಕಾದು ಹಾಳಾಗುತ್ತದೆ. ಅದಕ್ಕೊಂದು 12 ವೋಲ್ಟಿನ ಕಂಪ್ರೆಸರ್, 4,000 ರೂಪಾಯಿ. ಹೂತ ಗಾಡಿಯನ್ನು ಎಳೆಯಲು ಒಳ್ಳೆಯ ಪಟ್ಟಿ, ಎರಡು ಡಿ-ಶ್ಯಾಕಲ್, ಛಾಸಿಗೆ ಗಟ್ಟಿಯಾಗಿ ಬೋಲ್ಟ್ ಮಾಡಿದ ಹುಕ್ಕು ಸೇರಿ ಮತ್ತೊಂದು 6,000. ವಿಂಚಿಗೆ 40,000, ಅದನ್ನು ಕೂರಿಸುವ ಬಂಪರಿಗೆ 20,000, ಅದರ ಭಾರಕ್ಕೆ ಕುಗ್ಗುವ ಮುಂದಿನ ಸ್ಪ್ರಿಂಗು, ಅದು ಹೀರುವ ಕರೆಂಟಿಗೆ ದೊಡ್ಡ ಬ್ಯಾಟರಿ. ಇನ್ನೊಂದು ಗಾಡಿ ಜೊತೆಗಿಲ್ಲದೆ ಹೋಗುವುದಿಲ್ಲ ಎಂದು ತೀರ್ಮಾನಿಸಿದರೆ ಇಷ್ಟೂ ಉಳಿಯಿತು. ಒಂಟಿಯಾಗಿ ಕಾಡು ಬೀಳುವ ಶೋಕಿ ಇರುವವರು ವಿಂಚು ಕೊಳ್ಳಲಿ. ತೋಟದವರ ಅನುಮತಿ ಇರುವ ದಾರಿಯಲ್ಲಿ ಮಾತ್ರ ಹೋಗುವ ನನಗೆ ಕೂಗಿದರೆ ಟ್ರ್ಯಾಕ್ಟರ್ ಸಿಗುತ್ತದೆ. ರಿಸರ್ವ್ ಫಾರೆಸ್ಟಿಗೆ ಹೇಳದೆ ಕೇಳದೆ ನುಗ್ಗಿದರೆ ಕೇಸಿನ ಖರ್ಚು ಬೇರೆ.

ಕಾನೂನಿನ ಬಾಲಂಗೋಚಿ ಇನ್ನೂ ಉದ್ದ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಅಕ್ರಮ ಬದಲಾವಣೆಗೆ, ಒಂದೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕ್ರ್ಯಾಶ್ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಹದಿನೈದು ವರ್ಷ ತುಂಬಿದಾಗ ಆರ್‌ಸಿ ನವೀಕರಣಕ್ಕೆ ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಲೇಬೇಕು. ಕಾರಿಗೆ 600 ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ 10,000 ಮಾಡಿದ್ದಾರೆ. ನನ್ನ ಗಾಡಿ 2023ರಲ್ಲಿ ಒಮ್ಮೆ ಪಾಸಾಗಿದೆ, 2028ಕ್ಕೆ ಮತ್ತೆ ಸರದಿ. ಆ ಹಣವನ್ನೂ ಈಗಲೇ ಲೆಕ್ಕಕ್ಕೆ ಹಿಡಿದಿದ್ದೇನೆ.

ವಿಮೆಯವರಿಗೆ ತಿಳಿಸದೆ ಮಾಡಿಸಿದ ಬದಲಾವಣೆ ಕ್ಲೇಮಿನ ಹೊತ್ತಿಗೆ ಅಡ್ಡ ಬರುತ್ತದೆ. ಹಳ್ಳದಲ್ಲಿ ಎಂಜಿನ್ ನೀರು ಕುಡಿದು ಕೆಟ್ಟರೆ ಸಾಮಾನ್ಯ ಪಾಲಿಸಿ ಅದಕ್ಕೆ ಹಣ ಕೊಡುವುದಿಲ್ಲ, ಆ ರಕ್ಷಣೆ ಕೊಡುವ ಹೆಚ್ಚುವರಿ ಕವರು ಇಷ್ಟು ಹಳೆಯ ಗಾಡಿಗೆ ಸಿಗುವುದು ಕಷ್ಟ. ಹಾಗಾಗಿ ನೀರು ಮೊಣಕಾಲು ದಾಟಿದರೆ ನಾನು ಗಾಡಿ ತಿರುಗಿಸುತ್ತೇನೆ. ಜೊತೆಗಿದ್ದವರು ನಗಲಿ.

ಇದಕ್ಕೆಲ್ಲ ಹಣ ಹೊಂದಿಸಲು ಅಂಚೆ ಕಚೇರಿಯ ಆರ್‌ಡಿ ಬೇಡ, ಅದು ಐದು ವರ್ಷದ್ದು. ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ ಸಾಕು. ತಿಂಗಳಿಗೆ 3,000 ಹಾಕುತ್ತೇನೆ, ಏಪ್ರಿಲ್‌ನಲ್ಲಿ ಕೈಗೆ ಬರುವ ಹಾಗೆ. ಮಳೆಗೆ ಮುಂಚೆ ಮೇಸ್ತ್ರಿಯ ಪಟ್ಟಿ ಮೊದಲು, ನನ್ನ ಆಸೆಯ ಪಟ್ಟಿ ಆಮೇಲೆ. ಪರ್ಸನಲ್ ಲೋನ್ ತೆಗೆದು ಬಂಪರ್ ಹಾಕಿಸಿದವರ ಇಎಂಐ ಇನ್ನೂ ನಡೆಯುತ್ತಿದೆ, ಬಂಪರಿಗೆ ಆಗಲೇ ತುಕ್ಕು ಹತ್ತಿದೆ. ಈ ಸಲ ಪಟ್ಟಿಯಲ್ಲಿ ಮೊದಲು ಕ್ಲಚ್ ಪ್ಲೇಟು, ಆಮೇಲೆ ರೇಡಿಯೇಟರು. ಮೂರನೆಯದು ಪಕ್ಕದ ಸೀಟಿನ ಕುಶನ್ನು, ನನ್ನ ಹೆಂಡತಿಯ ಬೇಡಿಕೆ. ಅದನ್ನು ಮೊದಲನೆಯ ಜಾಗಕ್ಕೆ ತರದಿದ್ದರೆ ಬಿಸಿಲೆ ಘಾಟಿಗೆ ತಾನು ಬಸ್ಸಿನಲ್ಲೇ ಬರುವುದಾಗಿ ಅವಳು ನೋಟಿಸು ಕೊಟ್ಟಿದ್ದಾಳೆ.