ಹಳೆಯ ಮರಗಳಿಗೆ ಬೇಕೆಂದು ಮಾಡುವ ಕೇಡು: ಲಕ್ಷಣಗಳೂ ನಿವಾರಣೋಪಾಯಗಳೂ

ಊರ ಮುಂದಿನ ಅರಳಿಕಟ್ಟೆ, ಗುಂಡುತೋಪಿನ ಹುಣಿಸೆ ಮಾವುಗಳು, ಹೊಲದ ಎಲ್ಲೆಯಲ್ಲಿ ನಿಂತ ಆಲ ಇವು ಗ್ರಾಮಕ್ಕೆ ನೆರಳೂ ಗುರುತೂ ಆಗಿರುವುವೆಂಬುದು ಸರ್ವರಿಗೂ ತಿಳಿದ ವಿಷಯವಷ್ಟೆ. ಬೆಂಗಳೂರಿನ ದಕ್ಷಿಣದಲ್ಲಿ 1948ರಲ್ಲಿ ಜಯನಗರಕ್ಕೆ ತಳಹದಿ ಬಿದ್ದ ಮೇಲೆ ಯಡಿಯೂರು, ಬೈರಸಂದ್ರ, ಸಾರಕ್ಕಿ ಮೊದಲಾದ ಗ್ರಾಮಗಳ ಹೊಲಗಳು ಕ್ರಮೇಣ ಬೀದಿಗಳೂ ನಿವೇಶನಗಳೂ ಆದುವು. ಹೊಲದ ಬದುಗಳು ಅಳಿದ ಕಡೆ ಹಳೆಯ ಮರವೇ ಊರಿನ ಗುರುತಾಗಿ ಉಳಿಯುವುದು. ಆದರೆ ನೆಲದ ಬೆಲೆ ಏರಿದಂತೆ ಅದೇ ಮರವು ಕೆಲವರಿಗೆ ಅಡ್ಡಿಯಾಗಿ ತೋರುತ್ತದೆ. ಜಾಹೀರಾತಿನ ಫಲಕ ಮರೆಯಾಗುವುದೆಂದೋ, ನಿವೇಶನಕ್ಕೆ ದಾರಿ ಸಾಲದೆಂದೋ ಎಣಿಸಿ, ಬಹಿರಂಗವಾಗಿ ಕಡಿಯಲಂಜುವವರು ಗುಟ್ಟಾಗಿ ಕೊಲ್ಲಲೆಳಸುವರು. ನಗರದ ಅಂಚಿನ ಗ್ರಾಮಗಳ ಭೂಮಾಲೀಕರೂ ಮುಖಂಡರೂ ಇದನ್ನು ಮೊದಲೇ ಅರಿತಿರುವುದು ಅವಶ್ಯಕ.

1. ಕೇಡಿನ ಬಗೆಗಳು

(ಅ) ತೊಗಟೆಯನ್ನು ಉಂಗುರದಂತೆ ಸುಲಿಯುವುದು. ಎಲೆಗಳಲ್ಲಿ ಸಿದ್ಧವಾದ ಆಹಾರವು ತೊಗಟೆಯ ಒಳಪದರದ ಮೂಲಕ ಬೇರಿಗೆ ಇಳಿಯುತ್ತದೆ. ನೀರಾದರೋ ಒಳಗಿನ ಮರಭಾಗದ ಮೂಲಕ ಮೇಲೇರುತ್ತದೆ. ಆದಕಾರಣ ಸುಲಿದ ಮರವು ಕೂಡಲೆ ಬಾಡುವುದಿಲ್ಲ. ಅನೇಕ ತಿಂಗಳು ಹಸುರಾಗಿದ್ದು, ಬೇರುಗಳು ಉಪವಾಸದಿಂದ ಸತ್ತ ಮೇಲೆ ಒಣಗುತ್ತದೆ. ಅಷ್ಟು ಹೊತ್ತಿಗೆ ಕೇಡು ಮಾಡಿದವನನ್ನು ಯಾರೂ ಶಂಕಿಸುವುದಿಲ್ಲ.

(ಆ) ಬುಡದಲ್ಲಿ ಬೈರಿಗೆಯಿಂದ ತೂತು ಕೊರೆದು ಆಸಿಡ್ಡನ್ನಾಗಲಿ ಕಳೆನಾಶಕವನ್ನಾಗಲಿ ಹೊಯ್ಯುವುದು. ತೂತಿಗೆ ಮಣ್ಣನ್ನೋ ಮೇಣವನ್ನೋ ಮೆತ್ತಿ ಮರೆಮಾಡುವುದೂ ಉಂಟು.

(ಇ) ಬುಡದಲ್ಲಿ ಕಸ ಸುಡುವುದು, ಮೊಳೆ ಹೊಡೆಯುವುದು, ಕಾಂಡಕ್ಕೆ ತಾಗುವಂತೆ ಸಿಮೆಂಟು ಹಾಸುವುದು. ಇವು ನಿಧಾನವಾದ ಕೊಲೆಗಳು. ನೀರು ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲ್ಪದರದಲ್ಲಿಯೇ ಇರುವುವಾದುದರಿಂದ ಸಿಮೆಂಟಿನ ಕೆಳಗೆ ಅವಕ್ಕೆ ಗಾಳಿಯೂ ನೀರೂ ಸಾಲದು.

2. ಗಾಯದಿಂದಾಗುವ ಅನರ್ಥ

ಹೌರಾದ ಸಸ್ಯೋದ್ಯಾನದಲ್ಲಿರುವ ಪ್ರಸಿದ್ಧ ಆಲಕ್ಕೆ 1864 ಮತ್ತು 1867ರ ಬಿರುಗಾಳಿಗಳಲ್ಲಿ ಗಾಯವಾಗಿ, ಅದರೊಳಕ್ಕೆ ಶಿಲೀಂಧ್ರವು ಹೊಕ್ಕು, 1925ರಲ್ಲಿ ಮೂಲಕಾಂಡವನ್ನೇ ತೆಗೆಯಬೇಕಾಯಿತು. ಬೆಂಗಳೂರಿನ ಪಶ್ಚಿಮಕ್ಕೆ ರಾಮೋಹಳ್ಳಿಯ ಬಳಿ ಕೇತೋಹಳ್ಳಿಯಲ್ಲಿ ಸುಮಾರು 3 ಎಕರೆ ಹರಡಿರುವ ದೊಡ್ಡ ಆಲದ ಮರದ ಮೂಲಕಾಂಡವೂ 2000ದ ವೇಳೆಗೆ ರೋಗದಿಂದ ನಾಶವಾಯಿತು. ಈ ಎರಡು ಮರಗಳೂ ನೆಲಕ್ಕಿಳಿದ ಬಿಳಲುಗಳ ಬಲದಿಂದಲೇ ಬದುಕಿವೆ. ಎಳೆಯ ಬಿಳಲನ್ನು ಕತ್ತರಿಸುವವನು ಮರದ ಮುಂದಿನ ಕಾಂಡವನ್ನೇ ಕತ್ತರಿಸಿದಂತಾಯಿತು. ಹುಣಿಸೆಗೂ ಮಾವಿಗೂ ಇಂತಹ ಎರಡನೆಯ ಆಸರೆಯಿಲ್ಲ.

ಅಮೆರಿಕದ ಆಸ್ಟಿನ್ ಪಟ್ಟಣದಲ್ಲಿ ಸುಮಾರು 500 ವರ್ಷದ ಓಕ್ ಮರವೊಂದಕ್ಕೆ 1989ರಲ್ಲಿ ಒಬ್ಬನು ಕಳೆನಾಶಕವನ್ನು ಹೊಯ್ದನು. ವಿಷ ಬೆರೆತ ಮಣ್ಣನ್ನು ತೆಗೆದು ಹೊಸ ಮಣ್ಣು ತುಂಬಿದರು. ಬಿಸಿಲಿಗೆ ಮರೆ ಕಟ್ಟಿದರು. ಆದರೂ ಮರದ ಸುಮಾರು ಮೂರರಲ್ಲೊಂದು ಭಾಗ ಮಾತ್ರ ಉಳಿಯಿತು. ಅಪರಾಧಿಗೆ ಸೆರೆವಾಸವಾಯಿತು. ಇಂಗ್ಲೆಂಡಿನ ಸಿಕಮೋರ್ ಗ್ಯಾಪಿನ ಹೆಗ್ಗುರುತಿನ ಮರವನ್ನು 2023ರ ಸೆಪ್ಟೆಂಬರಿನಲ್ಲಿ ರಾತ್ರಿ ಕಡಿದ ಇಬ್ಬರಿಗೆ 2025ರಲ್ಲಿ 4 ವರ್ಷಕ್ಕೂ ಮಿಕ್ಕ ಶಿಕ್ಷೆ ವಿಧಿಸಲಾಯಿತು.

3. ಕೂಡಲೆ ಮಾಡತಕ್ಕ ಚಿಕಿತ್ಸೆ

ತೊಗಟೆ ಆಗತಾನೆ ಸುಲಿದಿದ್ದರೆ, ಹಸಿಯಾದ ತುಂಡನ್ನು ಮೊದಲಿದ್ದ ಸ್ಥಳದಲ್ಲಿಟ್ಟು, ಒದ್ದೆ ಗೋಣಿಯಿಂದ ಬಿಗಿಯಾಗಿ ಕಟ್ಟಿ ಒಣಗದಂತೆ ನೋಡಿಕೊಳ್ಳಬೇಕು. ಉಂಗುರವು ಪೂರ್ಣವಾಗಿ ಸುಲಿದಿದ್ದು ತುಂಡು ಸಿಕ್ಕದಿದ್ದರೆ, ಅದೇ ಮರದ ಎಳೆಗೊಂಬೆಗಳನ್ನು ಗಾಯದ ಕೆಳಗೂ ಮೇಲೂ ಸೇತುವೆಯಂತೆ ಕಸಿ ಮಾಡಬಹುದು. ಇದಕ್ಕೆ ತೋಟಗಾರಿಕೆಯಲ್ಲಿ ನುರಿತವರ ಕೈ ಬೇಕು. ಹಳೆಯ ಗಾಯವಾದರೆ ಸಡಿಲವಾದ ತೊಗಟೆಯನ್ನು ಹರಿತವಾದ ಚಾಕುವಿನಿಂದ ಸವರಿ, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 10 ಲೀಟರು ನೀರಿನ ಪ್ರಮಾಣದಲ್ಲಿ ಮಾಡಿದ ಬೋರ್ಡೋ ಸರಿಯನ್ನು ಬಳಿಯಬೇಕು. ವಿಷವನ್ನು ನೆಲಕ್ಕೆ ಹೊಯ್ದಿದ್ದರೆ ಆ ಮಣ್ಣನ್ನು ತೆಗೆದು ಬೇರೆ ಮಣ್ಣು ತುಂಬಬೇಕು. ಅದಕ್ಕೆ ಮುಂಚೆ ಪರೀಕ್ಷೆಗಾಗಿ ಸ್ವಲ್ಪ ಮಣ್ಣನ್ನು ತೆಗೆದಿಡತಕ್ಕದ್ದು. ಕಾಂಡದ ಸುತ್ತ ಕನಿಷ್ಠ 1 ಮೀಟರು ನೆಲವನ್ನು ಸಿಮೆಂಟಿಲ್ಲದೆ ಬಿಡಬೇಕು.

4. ಮುಖಂಡರ ಕರ್ತವ್ಯ

ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳ ಹೊರತು, ಸ್ವಂತ ಜಮೀನಿನ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಒಣಗಿದ ಮರವು ಬಿದ್ದು ಜನರಿಗೆ ಅಪಾಯವಾದೀತೆಂದು ಅದನ್ನು ತೆಗೆಯಲು ಅನುಮತಿ ಸುಲಭವಾಗಿ ದೊರೆಯುವುದು. ಗುಟ್ಟಾಗಿ ಕೊಲ್ಲುವವನು ನಂಬಿರುವುದು ಇದನ್ನೇ. ಆದಕಾರಣ ಮರವು ಅಕಾಲದಲ್ಲಿ ಒಣಗಿದರೆ, ಕಡಿಯುವುದಕ್ಕೆ ಮೊದಲು ಬುಡದ ಮಣ್ಣನ್ನು ಸರಿಸಿ ತೂತು, ಉಂಗುರ, ಸುಟ್ಟ ಗುರುತುಗಳಿವೆಯೇ ಎಂದು ನಾಲ್ವರ ಸಮಕ್ಷಮ ನೋಡಿ, ಛಾಯಾಚಿತ್ರ ತೆಗೆಸಿ, ವೃಕ್ಷಾಧಿಕಾರಿಗೂ ಪೊಲೀಸರಿಗೂ ಬರೆದು ತಿಳಿಸತಕ್ಕದ್ದು. ಊರಿನ ಹಳೆಯ ಮರಗಳ ಜಾತಿ, ಸುತ್ತಳತೆ, ಸ್ಥಳಗಳನ್ನು ಪಂಚಾಯಿತಿಯ ಪುಸ್ತಕದಲ್ಲಿ ಬರೆದಿಟ್ಟು ವರ್ಷಕ್ಕೆರಡು ಸಾರಿ ತನಿಖೆ ಮಾಡುವುದು ಒಳ್ಳೆಯದು.

ಕೇಡು ಮಾಡಿದವನು ನಮ್ಮವನೇ ಆಗಿರಬಹುದೆಂಬ ದಾಕ್ಷಿಣ್ಯದಿಂದ ಊರಿನವರು ಸುಮ್ಮನಿರುವುದುಂಟು. ಆ ಮೌನದ ಲಾಭವು ಒಬ್ಬನಿಗೆ. ನಷ್ಟವಾದರೋ ಇಡೀ ಗ್ರಾಮಕ್ಕೆ. ತಾತಂದಿರು ನೆಟ್ಟ ಮರವನ್ನು ಮೊಮ್ಮಕ್ಕಳಿಗೆ ಒಪ್ಪಿಸುವ ಹೊಣೆ ಈಗ ನೆಲದ ಒಡೆಯರಾಗಿರುವವರ ಮೇಲಿದೆ.