ಆರೋಗ್ಯ ಪ್ರಶ್ನೋತ್ತರ: ಮಳೆಗಾಲದ ವೃದ್ಧಾಶ್ರಮದಲ್ಲಿ ಫ್ಲೂ

ಪ್ರಶ್ನೆ: ಮಾನ್ಯ ಡಾಕ್ಟರೇ, ನಮ್ಮ ವೃದ್ಧಾಶ್ರಮದಲ್ಲಿ ಆಷಾಢದ ಮಳೆ ಹಿಡಿದ ಮೇಲೆ ಮೊದಲು ಅಡುಗೆಯವರಿಗೆ ನೆಗಡಿ, ಕೆಮ್ಮು ಬಂತು, ಅವರು ರಜೆ ಹಾಕದೆ ಕೆಲಸ ಮಾಡಿದರು. ಮೂರು ದಿನದೊಳಗೆ ಒಂದೇ ಕೋಣೆಯ ಇಬ್ಬರು ಅಜ್ಜಿಯರು ಮಲಗಿದ್ದಾರೆ. ಒಬ್ಬರಿಗೆ ಜ್ವರವಿದೆ. ಇನ್ನೊಬ್ಬರಿಗೆ ಮೈ ಬಿಸಿಯೇ ಇಲ್ಲ, ಆದರೆ ಊಟ ಬೇಡವೆನ್ನುತ್ತಾರೆ, ಏನೇನೋ ಮಾತಾಡುತ್ತಾರೆ. ಕಷಾಯ ಕೊಡುತ್ತಿದ್ದೇವೆ. ಮುಂದೇನು ಮಾಡಬೇಕು?
— ವ್ಯವಸ್ಥಾಪಕರು, ತೀರ್ಥಹಳ್ಳಿ

ಉತ್ತರ: ತಮ್ಮ ಪತ್ರದಲ್ಲಿ ಜ್ವರವಿಲ್ಲದ ಅಜ್ಜಿಯ ವಿಷಯವೇ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದೆ. ತರುಣರ ದೇಹವು ಫ್ಲೂ ವೈರಾಣುವಿನ ಪ್ರವೇಶವನ್ನು ತೀವ್ರ ಜ್ವರದಿಂದಲೂ ಮೈಕೈ ನೋವಿನಿಂದಲೂ ಸಾರಿ ಹೇಳುತ್ತದೆಯಾದರೂ, ಎಂಬತ್ತು ದಾಟಿದ ದೇಹದಲ್ಲಿ ಅಷ್ಟು ಕಾವನ್ನೆಬ್ಬಿಸುವ ಶಕ್ತಿಯೇ ಕುಂದಿರುವುದರಿಂದ, ಅದೇ ರೋಗವು ಅಲ್ಲಿ ಅನ್ನದ ಮೇಲಿನ ಅರುಚಿಯಾಗಿಯೋ, ಮಾತಿನ ಗೊಂದಲವಾಗಿಯೋ, ನಿನ್ನೆಯವರೆಗೆ ತಾವಾಗಿಯೇ ಬಚ್ಚಲಿಗೆ ನಡೆದುಹೋಗುತ್ತಿದ್ದವರು ಇಂದು ಜಗಲಿಯಲ್ಲಿ ತತ್ತರಿಸಿ ಬೀಳುವ ರೂಪದಲ್ಲಿಯೋ ಪ್ರಕಟವಾಗುತ್ತದೆ. ಆದಕಾರಣ ಥರ್ಮಾಮೀಟರನ್ನೊಂದನ್ನೇ ನಂಬದೆ, ಬೆಳಗಿನ ಕಾಫಿಯ ಲೋಟವನ್ನು ಮುಟ್ಟದೆ ಬಿಟ್ಟವರು ಯಾರು, ತಟ್ಟೆಯಲ್ಲಿ ಗಂಜಿ ಉಳಿಸಿದವರು ಯಾರು ಎಂಬುದನ್ನು ಬಡಿಸುವವರು ಆಯಾ ದಿನವೇ ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು.

ಒಂದೇ ಸೂರಿನಡಿಯಲ್ಲಿ 72 ಗಂಟೆಗಳೊಳಗೆ ಇಬ್ಬರು ಹೀಗೆ ಮಲಗಿದರೆ ಅದನ್ನು ಸಾಂಕ್ರಾಮಿಕದ ಆರಂಭವೆಂದೇ ಭಾವಿಸಿ, ತಾಲೂಕು ಆರೋಗ್ಯಾಧಿಕಾರಿಗಳಿಗೆ ತಿಳಿಸಿ, ಮೂಗು ಗಂಟಲಿನ ದ್ರವವನ್ನು ಪರೀಕ್ಷೆಗೆ ಕಳುಹಿಸಬೇಕು. ಆದರೆ ಫಲಿತಾಂಶಕ್ಕಾಗಿ ಕಾದು ಕೂರಬಾರದು. ಒಸೆಲ್ಟಾಮಿವಿರ್ ಎಂಬ ಔಷಧವು ರೋಗಲಕ್ಷಣ ಕಂಡ ಎರಡು ದಿನಗಳೊಳಗೆ ಆರಂಭವಾದರೆ ಹೆಚ್ಚು ಫಲಕಾರಿ. ವಯಸ್ಕರಿಗೆ ಸಾಮಾನ್ಯವಾಗಿ 75 ಮಿಲಿಗ್ರಾಂ, ದಿನಕ್ಕೆರಡು ಬಾರಿ, ಐದು ದಿನ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಪ್ರಮಾಣವನ್ನು ಇಳಿಸಬೇಕಾದ್ದರಿಂದ ವೈದ್ಯರ ಚೀಟಿಯಿಲ್ಲದೆ ಇದನ್ನು ಕೊಡಕೂಡದು. ಇನ್ನೂ ಆರೋಗ್ಯದಿಂದಿರುವ ಉಳಿದ ನಿವಾಸಿಗಳಿಗೂ ಮುನ್ನೆಚ್ಚರಿಕೆಯಾಗಿ ಇದನ್ನು ಕೊಡಬೇಕೆ ಎಂಬುದನ್ನು ವೈದ್ಯರೇ ನಿರ್ಧರಿಸಲಿ. ಆ್ಯಂಟಿಬಯೋಟಿಕ್‌ಗಳು ವೈರಾಣುವಿನ ಮೇಲೆ ಕೆಲಸ ಮಾಡುವುದಿಲ್ಲ. ಕಷಾಯಕ್ಕೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಮಂಪರಿನಲ್ಲಿ ಮಲಗಿರುವವರ ಬಾಯಿಗೆ ಅದನ್ನು ಹೊಯ್ಯುವುದು ಅಪಾಯಕರ, ಏಕೆಂದರೆ ಅದು ಶ್ವಾಸನಾಳಕ್ಕಿಳಿದು ನ್ಯುಮೋನಿಯಾಕ್ಕೆ ದಾರಿಯಾದೀತು. ಎಬ್ಬಿಸಿ ಕೂರಿಸಿ, ಗುಟುಕು ಗುಟುಕಾಗಿ ಕುಡಿಸಿ.

ಮಲೆನಾಡಿನ ಮಳೆಗಾಲದ ಮನೆ ಈ ವೈರಾಣುವಿಗೆ ಬಹಳ ಅನುಕೂಲ. ಎರಚಲಿಗೆ ಹೆದರಿ ಕಿಟಕಿಗಳೆಲ್ಲ ಮುಚ್ಚಿರುತ್ತವೆ, ಒಣಗದ ಬಟ್ಟೆಗಳು ಒಳಗೇ ನೇತಾಡುತ್ತವೆ, ಬಚ್ಚಲೊಲೆಯ ಹೊಗೆ ಕೋಣೆಗಳಿಗೂ ನುಗ್ಗಿ ಮೊದಲೇ ಬಳಲಿದ ಶ್ವಾಸಕೋಶಗಳನ್ನು ಕೆಣಕುತ್ತದೆ. ಎರಚಲು ಹೊಡೆಯದ ದಿಕ್ಕಿನ ಕಿಟಕಿಯನ್ನಾದರೂ ಹಗಲೆಲ್ಲ ತೆರೆದಿಟ್ಟು, ಕಂಬಳಿಯನ್ನು ಇನ್ನೊಂದು ಹೆಚ್ಚಿಗೆ ಹೊದಿಸಿ. ಇಬ್ಬರು ಅಜ್ಜಿಯರೂ ಒಂದೇ ಕೋಣೆಯಲ್ಲಿಯೇ ಇರಲಿ, ಮಂಚಗಳ ನಡುವೆ ಒಂದು ಮೀಟರಿಗಿಂತ ಹೆಚ್ಚು ಅಂತರವಿರಲಿ. ಅವರ ಶುಶ್ರೂಷೆಗೆ ನಿಂತವರು ಮಾಸ್ಕ್ ಧರಿಸಿ, ಪ್ರತಿಸಲವೂ ಕೈ ತೊಳೆದು, ಬೇರೆ ಕೋಣೆಗಳಿಗೆ ಕಾಲಿಡದಿರಲಿ. ಪಂಕ್ತಿಭೋಜನವೂ ಸಂಜೆಯ ಭಜನೆಯೂ ಸದ್ಯಕ್ಕೆ ನಿಲ್ಲಲಿ. ಉಸಿರು ವೇಗವಾದರೆ, ತುಟಿ ಅಥವಾ ಉಗುರು ನೀಲಿಗಟ್ಟಿದರೆ, ಎದೆ ನೋವು, ಕಫದಲ್ಲಿ ರಕ್ತ, ಎಬ್ಬಿಸಲಾಗದ ನಿದ್ದೆ, ಇವುಗಳಲ್ಲೊಂದು ಕಂಡರೂ ತಡಮಾಡದೆ 108ಕ್ಕೆ ಕರೆಮಾಡಿ. ಗೊಂದಲದ ಮಾತಾಡುತ್ತಿರುವ ಅಜ್ಜಿಯನ್ನಂತೂ ಇಂದೇ ವೈದ್ಯರು ನೋಡಬೇಕು.

ಅಡುಗೆಯವರನ್ನು ಬಯ್ಯಬೇಡಿ. ಕೂಲಿ ತಪ್ಪೀತೆಂಬ ಭಯದಿಂದ ಕೆಮ್ಮುತ್ತಲೇ ಒಲೆಯ ಮುಂದೆ ನಿಂತವರ ತಪ್ಪಿಗಿಂತ, ಸಂಬಳ ಕಡಿಯದ ರಜೆಯನ್ನು ಏರ್ಪಡಿಸದ ಸಂಸ್ಥೆಯ ತಪ್ಪು ದೊಡ್ಡದೆಂದು ನಾನು ದೃಢವಾಗಿ ಹೇಳುತ್ತೇನೆ. ಹೊರಗೆ ಕಾಲಿಡದ ವೃದ್ಧರಿಗೆ ಈ ರೋಗವು ಹೊರಗಿನಿಂದ ಬಂದವರ ಉಸಿರಿನಲ್ಲಿಯೇ ಬರಬೇಕಷ್ಟೆ. ರೋಗಿಯು ಲಕ್ಷಣ ಕಾಣುವ ಹಿಂದಿನ ದಿನದಿಂದಲೇ, ಸುಮಾರು ಒಂದು ವಾರ ಕಾಲ ಅದನ್ನು ಹರಡಬಲ್ಲನು. ಆದ್ದರಿಂದ ವರ್ಷ ವರ್ಷವೂ ಮಳೆಗೆ ಮುನ್ನ ಹಾಕಿಸತಕ್ಕ ಫ್ಲೂ ಲಸಿಕೆಯು ನಿವಾಸಿಗಳಿಗೆಷ್ಟೋ ಸಿಬ್ಬಂದಿಗೂ ಅಷ್ಟೇ ಅಗತ್ಯ. ಅದರ ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ 82 ವರ್ಷದ ಹಿರಿಯರೊಬ್ಬರು ಎಚ್3ಎನ್2 ಫ್ಲೂ ಸೋಂಕಿನಿಂದ ತೀರಿಕೊಂಡ ಸುದ್ದಿ ಓದುಗರಿಗೆ ನೆನಪಿರಬಹುದು. ಲಸಿಕೆಯ ವೆಚ್ಚ ಸಣ್ಣದಲ್ಲ, ಬಲ್ಲೆ. ತಂದೆತಾಯಿಯರ ತಿಥಿಯಂದು ಆಶ್ರಮಕ್ಕೆ ಸಿಹಿಯೂಟ ಹಾಕಿಸುವ ಧರ್ಮಿಷ್ಠರು ಒಂದು ವರ್ಷ ಆ ಹಣವನ್ನು ಲಸಿಕೆಗೆ ಕೊಟ್ಟರೆ ಪುಣ್ಯಕ್ಕೆ ಕೊರತೆಯಾಗಲಾರದು.

ಪ್ರಶ್ನೆ: ಸಾಗರದ ಆಶ್ರಮದಲ್ಲಿರುವ ಅಮ್ಮನನ್ನು ನೋಡಲು ಬೆಂಗಳೂರಿನಿಂದ ಹೋದರೆ, ಫ್ಲೂ ಇದೆಯೆಂದು ಒಳಗೆ ಬಿಡಲಿಲ್ಲ. ಇದು ಸರಿಯೇ?

ಉತ್ತರ: ಕೆಲವು ದಿನಗಳ ಮಟ್ಟಿಗೆ ಸರಿ. ಆದರೆ ಮಕ್ಕಳ ಮುಖ ಕಾಣದ ಕೊರಗಿನಿಂದಲೇ ಊಟ ಬಿಡುವ ಹಿರಿಯರಿದ್ದಾರೆ; ಆದ್ದರಿಂದ ಜಗಲಿಯ ಕಿಟಕಿಯಾಚೆಯಿಂದ ಮಾತಾಡಿಸಲು, ದಿನವೂ ಫೋನಿನಲ್ಲಿ ದನಿ ಕೇಳಿಸಲು ಅವಕಾಶ ಕೇಳಿ. ಅಂತ್ಯಕಾಲ ಸಮೀಪಿಸಿದವರ ಬಳಿಗೆ, ಮಾಸ್ಕ್ ಹಾಕಿಕೊಂಡ ಮಕ್ಕಳನ್ನು ಯಾವ ಆಶ್ರಮವೂ ತಡೆಯಬಾರದು.

ಪ್ರಶ್ನೆ: ನಮ್ಮ ಆಶ್ರಮದ ತಾತನೊಬ್ಬರಿಗೆ ಫೆಬ್ರವರಿಯಲ್ಲಿ ಹಠಾತ್ತನೆ ಜ್ವರ, ತಲೆನೋವು ಬಂತು. ತೋಟದಾಚೆಯ ಕಾಡಿನಂಚಿಗೆ ಹೋಗುವ ಅಭ್ಯಾಸ ಅವರದು. ಫ್ಲೂ ಎಂದು ಸುಮ್ಮನಿರಬಹುದಿತ್ತೇ?
— ಹೊಸನಗರ

ಉತ್ತರ: ಖಂಡಿತ ಕೂಡದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಡಿಸೆಂಬರಿನಿಂದ ಮೇವರೆಗೆ ಉಣುಗುಗಳ ಕಡಿತದಿಂದ ಬರತಕ್ಕದ್ದು. ಫ್ಲೂ ಮಳೆಗಾಲದಂತೆಯೇ ಜನವರಿಯಿಂದ ಮಾರ್ಚ್‌ವರೆಗೂ ತಲೆಯೆತ್ತುವುದರಿಂದ ಎರಡರ ಋತುವೂ ಇಲ್ಲಿ ಒಂದರ ಮೇಲೊಂದು ಬೀಳುತ್ತದೆ. ಮಂಗನ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡದು, ಒಸೆಲ್ಟಾಮಿವಿರ್‌ಗೆ ಬಗ್ಗದು. ಕೆಮ್ಮು ನೆಗಡಿಯಿಲ್ಲದ ಕಡುಜ್ವರವಾದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಿ, ರಕ್ತಪರೀಕ್ಷೆ ಮಾಡಿಸಿ. ಫಲಿತಾಂಶ ಬರುವವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್ ಕೊಡಬೇಡಿ; ಹೃದ್ರೋಗಕ್ಕಾಗಿ ಅದನ್ನು ಮೊದಲಿನಿಂದಲೂ ಸೇವಿಸುತ್ತಿರುವವರಾದರೆ ಆ ಮಾತನ್ನೂ ವೈದ್ಯರ ಕಿವಿಗೆ ಹಾಕಿ.